ದಾಯ, ದಾಯಾದಿ ಮತ್ತು ಉಯಿಲು

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಾಲಯವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಅಮೃತನು ಕ್ರಿ.ಶ. ೧೧೯೬ರಲ್ಲಿ ಕಟ್ಟಿಸಿದ ಗುಡಿ ಅದು. ಮಂಟಪದ ಸುತ್ತಲಿನ ಕಥಾಶಿಲ್ಪಗಳನ್ನು ನೋಡಿ ತಣಿದವರು ಅಲ್ಲಿಯೇ ನಿಂತಿರುವ ದೊಡ್ಡ ಶಿಲಾಶಾಸನದ ಮುಂದೆಯೂ ಒಂದು ಗಳಿಗೆ ನಿಲ್ಲುವುದುಂಟು. ಅದರಲ್ಲಿನ ಪದ್ಯಗಳು ಕವಿ ಜನ್ನನವೆಂದು ಪ್ರಸಿದ್ಧಿ. ಕಾವ್ಯದ ಮಾತು ಹಾಗಿರಲಿ. ಆ ಕಾಲದ ದಾನಶಾಸನಗಳ ಒಕ್ಕಣೆಯನ್ನು ಸ್ವಲ್ಪ ಗಮನಿಸಿ. ಕೊಟ್ಟವರು ಯಾರು, ಯಾವ ಶಕವರ್ಷ, ಯಾವ ತಿಥಿ, ಕೊಟ್ಟ ಭೂಮಿ ಎಷ್ಟು, ಅದರ ನಾಲ್ಕು ಎಲ್ಲೆಗಳು ಯಾವುವು, ಯಾರಿಗಾಗಿ ಕೊಟ್ಟದ್ದು, ಯಾರ ಸಮಕ್ಷಮದಲ್ಲಿ ಕೊಟ್ಟದ್ದು ಎಂಬುದನ್ನು ಸಾಮಾನ್ಯವಾಗಿ ಬಿಡದೆ ಹೇಳಿರುತ್ತಾರೆ. ಕಡೆಯಲ್ಲಿ, ಇದನ್ನು ಅಪಹರಿಸಿದವರಿಗೆ ಶಾಪ. ತನ್ನ ಕಾಲ ಮುಗಿದ ಮೇಲೂ ತನ್ನ ಮಾತು ನಿಲ್ಲಬೇಕೆಂದು ಬಯಸುವವನು ಇಷ್ಟನ್ನು ಹೇಳಲೇಬೇಕೆಂಬುದು ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ನಾಡಿನಲ್ಲಿ ತಿಳಿದಿದ್ದ ವಿಷಯ.

ಇಂದು ಅದೇ ಹೋಬಳಿಯಲ್ಲಿ ನಾಲ್ಕೆಕರೆ ಅಡಿಕೆ ತೋಟ, ಪೇಟೆಯಲ್ಲಿ ಒಂದು ಮನೆ, ಬ್ಯಾಂಕಿನಲ್ಲಿ ಅಷ್ಟಿಷ್ಟು ಠೇವಣಿ ಇಟ್ಟುಕೊಂಡಿರುವ ಗೃಹಸ್ಥರು ಒಂದು ಮಾತನ್ನೂ ಹೇಳದೆ, ಒಂದು ಅಕ್ಷರವನ್ನೂ ಬರೆಯದೆ ಹೊರಟುಹೋಗುತ್ತಾರೆ. ಸಾವಿನ ಮಾತನ್ನು ಮನೆಯೊಳಗೆ ಆಡಬಾರದೆಂಬುದು ಒಂದು ಸಂಕೋಚ. ‘ನನ್ನ ಮಕ್ಕಳು ಹಾಗೆ ಜಗಳವಾಡುವವರಲ್ಲ’ ಎಂಬುದು ಇನ್ನೊಂದು ನಂಬಿಕೆ. ಈ ಎರಡರಿಂದಲೂ ನಡೆಯುವ ಅನರ್ಥವನ್ನು ನಮ್ಮ ಊರುಗಳ ಸಿವಿಲ್ ನ್ಯಾಯಾಲಯಗಳ ಜಗಲಿಯ ಮೇಲೆ ಯಾವ ಕೆಲಸದ ದಿನವಾದರೂ ನೋಡಬಹುದು.

‘ದಾಯ’ ಎಂದರೆ ಹಿರಿಯರಿಂದ ಕಿರಿಯರಿಗೆ ಸಲ್ಲುವ ಸ್ವತ್ತು. ದಾಯವನ್ನು ಪಡೆಯುವವನು ‘ದಾಯಾದ’. ಇಷ್ಟು ನಿರುಪದ್ರವಿಯಾದ ಶಬ್ದವೇ ಕನ್ನಡದಲ್ಲಿ ‘ದಾಯಾದಿ’ಯಾಗಿ, ಹಗೆಯೆಂಬ ಅರ್ಥವನ್ನು ಹೊತ್ತು ನಿಂತಿದೆ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಪಾಲುದಾರನೆಂಬ ಮಾತು ಪಗೆಗಾರನೆಂಬ ಮಾತಾದದ್ದು ಹೇಗೆಂದು ಯೋಚಿಸಿದರೆ, ಬಹುಪಾಲು ಮನೆಗಳಲ್ಲಿ ಅದಕ್ಕೆ ಕಾರಣ ದುರಾಶೆಗಿಂತಲೂ ಹೆಚ್ಚಾಗಿ ಅಸ್ಪಷ್ಟತೆ ಎಂದು ತೋರುತ್ತದೆ.

ಆದುದರಿಂದ ಮೊದಲು ತಿಳಿಯಬೇಕಾದುದು ಇದು: ಉಯಿಲು ಬರೆಯದೆ ಸತ್ತವನ ಸ್ವತ್ತು ದಿಕ್ಕಿಲ್ಲದೆ ಉಳಿಯುವುದಿಲ್ಲ. ತಾವು ಬರೆಯದೆ ಹೋದರೆ ತಮ್ಮ ಪರವಾಗಿ ಕಾಯಿದೆಯೇ ಬರೆಯುತ್ತದೆ. ಕಾಯಿದೆ ಬರೆದದ್ದು ತಮ್ಮ ಮನಸ್ಸಿಗೆ ಒಪ್ಪುವುದಾದರೆ ತಾವು ಸುಮ್ಮನಿರಬಹುದು. ಒಪ್ಪದಿದ್ದರೆ ಮಾತ್ರ ಲೇಖನಿ ಹಿಡಿಯಬೇಕು. ಆದರೆ ಕಾಯಿದೆ ಏನು ಬರೆಯುತ್ತದೆಂಬುದನ್ನು ತಿಳಿಯದೆ ಸುಮ್ಮನಿರುವುದು ವಿವೇಕವಲ್ಲ.

ಹಿಂದೂಗಳ ದಾಯವಿಭಾಗದ ಚರಿತ್ರೆಯಲ್ಲಿ ಕನ್ನಡ ನಾಡಿಗೆ ದೊಡ್ಡ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವೇ ಬಂಗಾಳದ ಕಡೆಯನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಪ್ರಮಾಣವಾಯಿತು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಮುಖ್ಯ ತತ್ತ್ವ. ಹೆಣ್ಣುಮಕ್ಕಳಿಗೆ ಆ ಹಕ್ಕು ಇರಲಿಲ್ಲ. ಹಳೆಯ ಮೈಸೂರು ಸಂಸ್ಥಾನವು ೧೯೩೩ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ಪಾಲಿನ ಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳಿಗೂ ಒಂದು ಅಂಶ ಸಲ್ಲಬೇಕೆಂದು ವಿಧಿಸಿತು. ೧೯೫೬ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಿತು. ಕರ್ನಾಟಕದ ತಿದ್ದುಪಡಿ ೧೯೯೪ರ ಜುಲೈ ೩೦ರಿಂದ ಜಾರಿಗೆ ಬಂದು, ಅಲ್ಲಿಯವರೆಗೆ ಮದುವೆಯಾಗದಿದ್ದ ಮಗಳನ್ನು ಮಗನಿಗೆ ಸಮಳಾಗಿ ಮಾಡಿತು. ೨೦೦೫ರ ಸೆಪ್ಟೆಂಬರ್ ೯ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯು ಮದುವೆಯಾದವಳು, ಆಗದವಳು ಎಂಬ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೆಂಬ ನಿಯಮವೇನೂ ಇಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರ ಆಗಸ್ಟ್ ೧೧ರಂದು ನಿರ್ಣಯಿಸಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲು ಕ್ರಮವಾಗಿ ಆಗಿಹೋದ ಪಾಲುಗಳನ್ನು ಮಾತ್ರ ಕೆದಕುವಂತಿಲ್ಲ. ಹೀಗಾಗಿ ‘ಮಗಳನ್ನು ಕೊಟ್ಟ ಮೇಲೆ ಅವಳಿಗೆ ಇಲ್ಲಿ ಏನಿದೆ?’ ಎಂಬ ಮಾತಿಗೆ ಇಂದು ಕಾಯಿದೆಯ ಆಧಾರವಿಲ್ಲ.

ಇಲ್ಲಿ ಪಿತ್ರಾರ್ಜಿತಕ್ಕೂ ಸ್ವಯಾರ್ಜಿತಕ್ಕೂ ಇರುವ ಭೇದವನ್ನು ಮನಸ್ಸಿನಲ್ಲಿಡಬೇಕು. ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ತಮಗೆ ಬರಬಹುದಾದ ಅಂಶವೊಂದನ್ನೇ ಉಯಿಲಿನ ಮೂಲಕ ಕೊಡಲು ತಮಗೆ ಅಧಿಕಾರ, ಇಡೀ ಸ್ವತ್ತನ್ನಲ್ಲ. ತಾವೇ ಸಂಪಾದಿಸಿದ್ದನ್ನಾದರೋ ಯಾರಿಗೆ ಬೇಕಾದರೂ ಬರೆಯಬಹುದು. ‘ತಾತ ಸಂಪಾದಿಸಿದ್ದು, ಆದುದರಿಂದ ನನಗೆ ಹುಟ್ಟಿನಿಂದಲೇ ಹಕ್ಕು’ ಎಂದು ಮೊಮ್ಮಕ್ಕಳು ಹೇಳುವುದುಂಟು. ೧೯೫೬ರ ನಂತರ ತಂದೆಯ ಸ್ವಯಾರ್ಜಿತವು ಉತ್ತರಾಧಿಕಾರದಿಂದ ಮಗನಿಗೆ ಬಂದರೆ ಅದು ಆ ಮಗನ ಸ್ವಂತ ಸ್ವತ್ತೇ ಹೊರತು ಮೊಮ್ಮಗನು ಅದರಲ್ಲಿ ಹುಟ್ಟಿನಿಂದ ಪಾಲುಗಾರನಲ್ಲ ಎಂದು ೧೯೮೬ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಕಾಯಿದೆ ಹೇಗೆ ಹಂಚುತ್ತದೆಂಬುದಕ್ಕೆ ಒಂದು ಉದಾಹರಣೆ ನೋಡೋಣ. ಒಬ್ಬ ಗೃಹಸ್ಥನಿಗೆ ಸ್ವಯಾರ್ಜಿತವಾದ ನಾಲ್ಕೆಕರೆ ತೋಟವಿದೆ. ಮನೆಯಲ್ಲಿ ವೃದ್ಧೆಯಾದ ತಾಯಿ, ಹೆಂಡತಿ, ಒಬ್ಬ ಮಗ, ಮದುವೆಯಾಗಿ ಹೋದ ಒಬ್ಬಳು ಮಗಳು. ಉಯಿಲಿಲ್ಲದೆ ಆತ ತೀರಿಕೊಂಡರೆ ತೋಟ ಯಾರದು? ‘ಹೆಂಡತಿಯದು’ ಎಂದು ಕೆಲವರು, ‘ಮಗನದು’ ಎಂದು ಕೆಲವರು ಹೇಳಿಯಾರು. ಎರಡೂ ತಪ್ಪು. ತಾಯಿ, ಹೆಂಡತಿ, ಮಗ, ಮಗಳು ಈ ನಾಲ್ವರಿಗೂ ಸಮವಾಗಿ ಒಂದೊಂದು ಎಕರೆ. ಇಲ್ಲಿಗೆ ಕಥೆ ಮುಗಿಯಲಿಲ್ಲ. ಕೆಲವು ಕಾಲದ ಮೇಲೆ ಆ ತಾಯಿಯೂ ಉಯಿಲಿಲ್ಲದೆ ತೀರಿಕೊಂಡರೆ ಆಕೆಯ ಒಂದೆಕರೆ ಆಕೆಯ ಎಲ್ಲ ಮಕ್ಕಳಿಗೂ, ಅಂದರೆ ಸತ್ತವನ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ, ಹಂಚಿಹೋಗುತ್ತದೆ. ಸತ್ತ ಮಗನ ಮಕ್ಕಳಿಗೆ ಅದರಲ್ಲಿ ಅವರ ತಂದೆಯ ಭಾಗ ಮಾತ್ರ. ಸೊಸೆಗೆ ಆ ಎಕರೆಯಲ್ಲಿ ಏನೂ ಇಲ್ಲ. ತೋಟದ ನಡುವೆ ಚಿಕ್ಕಪ್ಪನ ಬೇಲಿ ಎದ್ದಾಗ ಮನೆಯವರು ಬೆರಗಾಗುತ್ತಾರೆ. ಕಾಯಿದೆ ಅನ್ಯಾಯ ಮಾಡಿತೆಂದಲ್ಲ. ಮುದಿ ತಾಯಿಗೆ ಆಸರೆಯಿರಲೆಂದೇ ಅದು ಹಾಗೆ ಬರೆದಿದೆ. ಆದರೆ ಆ ಗೃಹಸ್ಥನ ಮನಸ್ಸಿನಲ್ಲಿ ಇದ್ದದ್ದು, ತಾಯಿಗೆ ಇರುವಷ್ಟು ಕಾಲ ಜೀವನಾಂಶ, ಹೆಂಡತಿಗೆ ಮನೆ, ಮಕ್ಕಳಿಬ್ಬರಿಗೆ ತೋಟ ಎಂದಿದ್ದರೆ, ಅದನ್ನು ಅವನೇ ಬರೆಯಬೇಕಾಗಿತ್ತು.

ಹೆಣ್ಣುಮಕ್ಕಳು ಉಯಿಲು ಬರೆಯಬೇಕಾದುದು ಇನ್ನೂ ಅವಶ್ಯ. ಹಿಂದೂ ಸ್ತ್ರೀಯ ಸ್ವತ್ತು ಮೊದಲು ಅವಳ ಮಕ್ಕಳಿಗೂ ಗಂಡನಿಗೂ ಹೋಗುತ್ತದೆ. ಮಕ್ಕಳಿಲ್ಲದ ವಿಧವೆಯಾದರೆ, ತಾಯಿತಂದೆಗಳಿಂದ ಬಂದದ್ದು ತವರಿನ ಕಡೆಗೆ ಹಿಂದಿರುಗುತ್ತದೆ. ಆದರೆ ಅವಳೇ ದುಡಿದು ಗಳಿಸಿದ್ದು, ಅಂದರೆ ಉಪಾಧ್ಯಾಯಿನಿಯೊಬ್ಬಳು ಸಂಬಳದಿಂದ ಕೊಂಡ ಮನೆಯಂಥದು, ಗಂಡನ ವಾರಸುದಾರರಿಗೆ ಹೋಗುತ್ತದೆಯೇ ಹೊರತು ಅವಳ ಮುಪ್ಪಿನ ತಾಯಿಗೆ ಮೊದಲು ಬರುವುದಿಲ್ಲ. ಇದು ತನಗೆ ಒಪ್ಪಿಗೆಯಲ್ಲವೆಂದು ಯಾವಳಿಗಾದರೂ ಅನಿಸಿದರೆ, ಅದಕ್ಕೆ ಮದ್ದು ಒಂದು ಹಾಳೆ ಕಾಗದ ಮತ್ತು ಎರಡು ಸಾಕ್ಷಿ.

ಇದುವರೆಗೆ ಹೇಳಿದ್ದು ಹಿಂದೂಗಳ ವಿಷಯ. ಕ್ರೈಸ್ತ ಬಂಧುಗಳಿಗೆ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಮಕ್ಕಳಿದ್ದಾಗ ವಿಧವೆಗೆ ಮೂರನೆಯ ಒಂದು ಭಾಗ, ಉಳಿದ ಎರಡು ಭಾಗ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ. ಮುಸ್ಲಿಂ ಬಂಧುಗಳ ಶಾಸ್ತ್ರದಂತೆ ಸಾಲ ಮತ್ತು ಉತ್ತರಕ್ರಿಯೆಯ ವೆಚ್ಚ ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗಕ್ಕೆ ಮೀರಿ ಉಯಿಲು ಸಾಮಾನ್ಯವಾಗಿ ನಡೆಯದು. ವಾರಸುದಾರನೊಬ್ಬನಿಗೇ ಹೆಚ್ಚು ಬರೆದರೆ ಹನಫೀ ಪಂಥದಲ್ಲಿ ಉಳಿದ ವಾರಸುದಾರರ ಒಪ್ಪಿಗೆ ಬೇಕು.

ಬದುಕಿರುವಾಗಲೇ ಹಂಚಿಬಿಡುವುದು ಮೇಲೋ, ಉಯಿಲು ಬರೆಯುವುದು ಮೇಲೋ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಪಾಲುಪಾರೀಕತ್ತು, ದಾನಪತ್ರ, ಉಯಿಲು ಎಂದು ಮುಖ್ಯವಾಗಿ ಮೂರು ದಾರಿಗಳಿವೆ. ಪಾಲುಪಾರೀಕತ್ತು ಈಗಾಗಲೇ ಹಕ್ಕುಳ್ಳವರ ನಡುವಣ ವಿಭಾಗ. ದಾನಪತ್ರವು ಸ್ಥಿರಸ್ವತ್ತಿಗೆ ಸಂಬಂಧಿಸಿದ್ದಾದರೆ ನೋಂದಣಿಯಾಗಲೇಬೇಕು, ಇಬ್ಬರು ಸಾಕ್ಷಿಗಳಿರಬೇಕು, ಪಡೆಯುವವನು ಕೊಡುವವನ ಜೀವಿತಕಾಲದಲ್ಲೇ ಸ್ವೀಕರಿಸಬೇಕು. ಒಮ್ಮೆ ಕೊಟ್ಟರೆ ಕೊಟ್ಟ ಹಾಗೆಯೇ. ಮನಸ್ಸು ಬದಲಾಯಿತೆಂದು ಹಿಂದೆಗೆಯುವಂತಿಲ್ಲ. ಉಯಿಲಾದರೋ ಬರೆದವನು ಇರುವವರೆಗೆ ಬರಿಯ ಕಾಗದ. ಅದನ್ನು ಎಷ್ಟು ಸಲವಾದರೂ ತಿದ್ದಬಹುದು, ಹರಿಯಬಹುದು, ಹೊಸದನ್ನು ಬರೆಯಬಹುದು. ಕಡೆಯದೇ ಊರ್ಜಿತ.

ಮಕ್ಕಳ ಮೇಲಣ ಮಮತೆಯಿಂದ ಇರುವ ಒಂದು ಮನೆಯನ್ನೂ ದಾನಪತ್ರ ಮಾಡಿಕೊಟ್ಟು, ಆಮೇಲೆ ಅದೇ ಮನೆಯ ಜಗಲಿಯಲ್ಲಿ ಅನ್ನಕ್ಕೆ ಕಾಯುವ ಮುದುಕರನ್ನು ನಾವೆಲ್ಲರೂ ನೋಡಿದ್ದೇವೆ. ಇಂಥವರಿಗಾಗಿಯೇ ೨೦೦೭ರಲ್ಲಿ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯಿದೆ ಬಂದಿತು. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಸ್ವತ್ತನ್ನು, ಷರತ್ತು ನಡೆಸದಿದ್ದಾಗ, ರದ್ದು ಮಾಡಿಸಲು ಅದರ ೨೩ನೆಯ ಕಲಮು ಅವಕಾಶ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಈ ಅರ್ಜಿಯನ್ನು ವಿಚಾರಿಸುವ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿಗಳು ಅಧ್ಯಕ್ಷರು. ಅಮೃತಾಪುರದ ಕಡೆಯವರಿಗೆ ಆ ಕಚೇರಿ ತರೀಕೆರೆಯಲ್ಲೇ ಇದೆ. ಆದರೂ ಆ ಷರತ್ತನ್ನು ಪತ್ರದಲ್ಲಿಯೇ ಬರೆಸಿರುವುದು ಕ್ಷೇಮ. ತಮ್ಮ ತಲೆಯ ಮೇಲಣ ಸೂರನ್ನು ಮಾತ್ರ ಉಯಿಲಿಗೆ ಉಳಿಸಿಕೊಳ್ಳುವುದು ಇನ್ನೂ ಕ್ಷೇಮ.

ಇನ್ನು ಉಯಿಲನ್ನು ಬರೆಯುವ ಕ್ರಮ. ಉತ್ತರ ಕರ್ನಾಟಕದಲ್ಲಿ ಇದನ್ನೇ ಮೃತ್ಯುಪತ್ರವೆನ್ನುತ್ತಾರೆ. ಹದಿನೆಂಟು ವರ್ಷ ತುಂಬಿದ, ಬುದ್ಧಿ ಸ್ವಸ್ಥವಾಗಿರುವ ಯಾರಾದರೂ ಬರೆಯಬಹುದು. ಛಾಪಾ ಕಾಗದ ಬೇಕಿಲ್ಲ. ಬಿಳಿಯ ಹಾಳೆ ಸಾಕು. ಭಾಷೆ ಕನ್ನಡವೇ ಆಗಿರಲಿ, ತಮಗೆ ಅರ್ಥವಾಗುವ ಕನ್ನಡವಾಗಿರಲಿ. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಅದನ್ನು ಕಂಡ, ಅಥವಾ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದಲೇ ಕೇಳಿದ, ಇಬ್ಬರು ಸಾಕ್ಷಿಗಳು ಅವರ ಎದುರಿನಲ್ಲಿ ಸಹಿ ಹಾಕಬೇಕು. ಒಳಗೇನು ಬರೆದಿದೆಯೆಂದು ಸಾಕ್ಷಿಗಳಿಗೆ ತಿಳಿದಿರಬೇಕಾಗಿಲ್ಲ. ಉಯಿಲಿನಿಂದ ಲಾಭ ಪಡೆಯುವವರನ್ನು ಸಾಕ್ಷಿಗಳಾಗಿ ಕರೆಯಬೇಡಿ. ತಮಗಿಂತ ಕಿರಿಯರಾದ, ಊರಿನಲ್ಲಿ ನಾಳೆಯೂ ಸಿಕ್ಕುವ ಇಬ್ಬರನ್ನು ಕರೆಯಿರಿ. ವಿವಾದ ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ನಿಂತು ಹೇಳಬೇಕಾಗುತ್ತದೆ.

ಬರೆಯುವಾಗ ಶಾಸನದ ಕ್ರಮವನ್ನೇ ನೆನೆಯಿರಿ. ಜಮೀನಾದರೆ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ. ಮನೆಯಾದರೆ ಖಾತೆಯ ಸಂಖ್ಯೆ. ಠೇವಣಿಯಾದರೆ ಬ್ಯಾಂಕು, ಶಾಖೆ. ಒಡವೆಯಾದರೆ ಯಾವುದು ಯಾರಿಗೆ. ‘ದೊಡ್ಡ ಮಗನಿಗೆ ಮೇಲಿನ ತೋಟ’ ಎಂದು ಬರೆದರೆ ಮೇಲಿನದು ಯಾವುದೆಂದು ತಿಳಿದಿದ್ದವರು ತಾವೊಬ್ಬರೇ ಆಗಿರಬಹುದು. ಸರ್ಕಾರದಿಂದ ಮಂಜೂರಾದ ಜಮೀನಿಗೆ ಷರತ್ತುಗಳಿರುವುದುಂಟು; ಮಂಜೂರಾತಿ ಪತ್ರವನ್ನು ಮೊದಲು ಓದಿಕೊಳ್ಳಿ. ಹೆಸರಿಸಲು ಮರೆತ ಸ್ವತ್ತು ಯಾರಿಗೆಂಬುದಕ್ಕೂ ಒಂದು ಸಾಲು ಇರಲಿ. ಉಯಿಲನ್ನು ನಡೆಸಿಕೊಡಲು ನಂಬಿಕೆಯುಳ್ಳ ಒಬ್ಬರನ್ನು ನೇಮಿಸಿ. ಒಬ್ಬ ಮಗನಿಗೆ ಕಡಿಮೆ ಬರೆದರೆ ಅದಕ್ಕೆ ಕಾರಣವನ್ನು ಮೃದುವಾಗಿ ಹೇಳಿ: ‘ಇವನ ವಿದ್ಯಾಭ್ಯಾಸಕ್ಕೆ ಹಿಂದೆಯೇ ವೆಚ್ಚ ಮಾಡಿದ್ದೇನೆ’ ಎಂಬ ಒಂದು ವಾಕ್ಯ ಎಷ್ಟೋ ಕಹಿಯನ್ನು ಕಳೆಯುತ್ತದೆ.

ನೋಂದಣಿ ಕಡ್ಡಾಯವಲ್ಲ. ಆದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದರೆ ಕಳೆದುಹೋಗುವ, ಬದಲಾಯಿಸಲ್ಪಡುವ ಭಯ ತಪ್ಪುತ್ತದೆ. ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಗಳ ವಶಕ್ಕೆ ಕೊಡುವುದೂ ಉಂಟು. ಆದರೆ ನೋಂದಣಿಯೊಂದರಿಂದಲೇ ದೋಷವುಳ್ಳ ಉಯಿಲು ನಿರ್ದೋಷವಾಗದು. ಹಳೆಯ ಮೈಸೂರಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೫೮ರಲ್ಲಿ ಕೊಟ್ಟ ತೀರ್ಪನ್ನು ಇಂದಿಗೂ ದೇಶದ ಎಲ್ಲ ನ್ಯಾಯಾಲಯಗಳು ಉಯಿಲಿನ ವಿಷಯದಲ್ಲಿ ಮೇಲ್ಪಂಕ್ತಿಯಾಗಿ ಹಿಡಿದಿವೆ. ಸಹಿ ಅನುಮಾನಕ್ಕೆ ಎಡೆಗೊಡುವಂತಿದ್ದರೆ, ಬರೆದವರ ಬುದ್ಧಿ ಕ್ಷೀಣಿಸಿದ್ದಂತೆ ತೋರಿದರೆ, ಹಂಚಿಕೆ ಅಸಹಜವಾಗಿದ್ದರೆ, ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ, ಆ ಶಂಕೆಯನ್ನೆಲ್ಲ ಕಳೆಯುವ ಹೊಣೆ ಉಯಿಲನ್ನು ಮುಂದಿಡುವವನದೇ ಎಂಬುದು ಅದರ ಸಾರ. ಇದರಿಂದ ನಾವು ಕಲಿಯಬೇಕಾದ ಪಾಠ ಒಂದೇ: ಆಸ್ಪತ್ರೆಯ ಮಂಚದ ಮೇಲೆ, ಒಬ್ಬ ಮಗ ಮಾತ್ರ ಪಕ್ಕದಲ್ಲಿರುವಾಗ, ಉಯಿಲು ಬರೆಯಬಾರದು. ಮೈಯಲ್ಲಿ ಶಕ್ತಿಯಿರುವಾಗ, ನಾಲ್ಕು ಜನ ಕಂಡಿರುವಾಗ ಬರೆಯಬೇಕು. ವಯಸ್ಸು ಹೆಚ್ಚಾಗಿದ್ದರೆ ಅಂದೇ ವೈದ್ಯರಿಂದ ಒಂದು ಚೀಟಿ ಪಡೆದಿಡುವುದು ಒಳ್ಳೆಯದು.

‘ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇನೆ, ಉಯಿಲು ಏಕೆ?’ ಎಂದು ಹಲವರು ಕೇಳುತ್ತಾರೆ. ನಾಮಿನಿಯೆಂದರೆ ಸಾಮಾನ್ಯವಾಗಿ ಹಣವನ್ನು ಕೈಯೊಡ್ಡಿ ಪಡೆಯತಕ್ಕವನು, ಒಡೆಯನಲ್ಲ. ಪಡೆದುದನ್ನು ಅವನು ವಾರಸುದಾರರಿಗೆ ಸಲ್ಲಿಸಬೇಕು. ವಿಮೆಯ ವಿಷಯದಲ್ಲಿ ೧೯೮೩ರಲ್ಲಿ, ಕಂಪನಿ ಷೇರುಗಳ ವಿಷಯದಲ್ಲಿ ೨೦೨೩ರಲ್ಲಿ ಸುಪ್ರೀಂ ಕೋರ್ಟು ಹೀಗೆಯೇ ಹೇಳಿದೆ. ೨೦೧೫ರಲ್ಲಿ ವಿಮಾ ಕಾಯಿದೆ ತಿದ್ದುಪಡಿಯಾಗಿ ತಂದೆತಾಯಿ, ಗಂಡಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದಾಗ ಅವರಿಗೆ ವಿಶೇಷ ಹಕ್ಕು ಬಂದಿದೆ. ೨೦೨೫ರ ನವೆಂಬರ್ ೧ರಿಂದ ಬ್ಯಾಂಕಿನ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು. ನಾಮಿನಿಯಿದ್ದರೆ ಹಣ ಬೇಗ ಕೈಸೇರುತ್ತದೆ. ಉಯಿಲಿದ್ದರೆ ಆ ಹಣ ಯಾರದೆಂಬುದು ತೀರ್ಮಾನವಾಗುತ್ತದೆ. ಎರಡರಲ್ಲೂ ಒಂದೇ ಹೆಸರಿದ್ದರೆ ತೊಂದರೆಯೇ ಇಲ್ಲ.

ಖಾತೆಯ ವಿಷಯವೂ ಹೀಗೆಯೇ. ಮನೆಯ ಯಜಮಾನ ತೀರಿಕೊಂಡ ಮೇಲೆ ಜಮೀನು ವರ್ಷಾನುಗಟ್ಟಲೆ, ತಲೆಮಾರುಗಟ್ಟಲೆ ಅವನ ಹೆಸರಿನಲ್ಲೇ ಉಳಿಯುವುದು ನಮ್ಮ ಕಡೆ ಸಾಮಾನ್ಯ. ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ತಿಳಿಸಬೇಕು. ಮರಣಪತ್ರ, ವಂಶವೃಕ್ಷಗಳೊಡನೆ ಪೌತಿ ಖಾತೆಗೆ ಅರ್ಜಿ ಕೊಡಬೇಕು. ಮೂರು ತಲೆಮಾರು ಬಿಟ್ಟರೆ ವಂಶವೃಕ್ಷದ ಕೊಂಬೆಗಳನ್ನು ಎಣಿಸುವುದೇ ಕಷ್ಟ. ಆದರೆ ಖಾತೆ ಒಬ್ಬ ಅಣ್ಣನ ಹೆಸರಿಗೆ ಬಂದ ಮಾತ್ರಕ್ಕೆ ಜಮೀನು ಅವನೊಬ್ಬನದೇ ಆಗುವುದಿಲ್ಲ ಎಂಬುದನ್ನು ಅವನೂ ಮರೆಯಬಾರದು, ಉಳಿದವರೂ ಮರೆಯಬಾರದು. ಹಿಂದೆ ೧೯೫೩ರಿಂದ ೧೯೮೫ರವರೆಗೆ ಎಸ್ಟೇಟ್ ಡ್ಯೂಟಿ ಎಂಬ ಮರಣತೆರಿಗೆ ಇತ್ತು, ಈಗ ಅದಿಲ್ಲ. ಸಾಲವಿದ್ದರೆ ವಾರಸುದಾರರು ತಮಗೆ ಬಂದ ಸ್ವತ್ತಿನ ಮಟ್ಟಿಗೆ ಹೊಣೆಗಾರರು.

ಕಡೆಯದಾಗಿ, ಅಕ್ಕತಂಗಿಯರ ಸಹಿಯ ವಿಷಯ. ತಂದೆಯ ವೈಕುಂಠ ಸಮಾರಾಧನೆ ಮುಗಿದ ಮರುದಿನವೇ, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಸ್ವಲ್ಪ ಹಣ ಇಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುವ ಪದ್ಧತಿ ಇನ್ನೂ ನಿಂತಿಲ್ಲ. ತಿಳಿದು, ಮನಸಾರ ಬಿಟ್ಟುಕೊಡುವುದು ಒಂದು ಔದಾರ್ಯ. ಯಾರೂ ಅದನ್ನು ತಡೆಯಲಾರರು. ಆದರೆ ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿಯಲ್ಲಿ ಔದಾರ್ಯವಿಲ್ಲ. ಪತ್ರವನ್ನು ಮನೆಗೆ ಒಯ್ದು ಓದಿಸಿ ಕೇಳಿ, ತಿಳಿದವರನ್ನು ವಿಚಾರಿಸಿ, ಆಮೇಲೆ ತೀರ್ಮಾನ ಮಾಡಲು ಅವಳಿಗೆ ಹಕ್ಕಿದೆ. ತಂದೆ ಬದುಕಿರುವಾಗಲೇ ಅವರ ಸ್ವಯಾರ್ಜಿತದ ಮೇಲೆ ಮುಂದೆ ಬರಬಹುದಾದ ಹಕ್ಕನ್ನು ಬಿಟ್ಟೆನೆಂದು ಬರೆಸಿಕೊಂಡರೆ ಅದಕ್ಕೆ ಸಾಮಾನ್ಯವಾಗಿ ಬೆಲೆಯಿಲ್ಲ. ಮಗಳಿಗೆ ಎಷ್ಟು, ಮಗನಿಗೆ ಎಷ್ಟು ಎಂಬುದನ್ನು ತಂದೆತಾಯಿಗಳೇ ಹೇಳಿಹೋಗಿದ್ದರೆ, ಅಣ್ಣನು ಕೇಳುವ ಸಂಕಟವೂ ತಂಗಿಯು ಒಲ್ಲೆನೆನ್ನುವ ಸಂಕಟವೂ ತಪ್ಪುತ್ತಿತ್ತು.

ಈ ತಿಂಗಳಲ್ಲಿ ಒಂದು ಸಂಜೆ, ವಾರ್ತೆಗಳು ಮುಗಿದು ರೇಡಿಯೋ ನಿಲ್ಲಿಸಿದ ಮೇಲೆ, ಒಂದು ಗಂಟೆಯ ಹೊತ್ತು ಗಂಡಹೆಂಡಿರಿಬ್ಬರೂ ಕುಳಿತು ಒಂದು ಪಟ್ಟಿ ಮಾಡಿ. ಇರುವುದೇನು, ಪತ್ರಗಳು ಎಲ್ಲಿವೆ, ಯಾರ ಹೆಸರಿನಲ್ಲಿವೆ, ಕೊಡಬೇಕಾದ ಸಾಲವೆಷ್ಟು, ಬರಬೇಕಾದ ಹಣವೆಷ್ಟು, ನಾಮಿನಿ ಯಾರು. ಉಯಿಲು ಬರೆಯುವುದು ಆಮೇಲಿನ ಮಾತು. ತೊಡಕಿನ ಸ್ವತ್ತಿದ್ದರೆ ವಕೀಲರನ್ನು ಕಂಡು ಬರೆಸಿ. ಬರೆದ ಮೇಲೆ ಅದು ಎಲ್ಲಿದೆಯೆಂದು ಒಬ್ಬರಿಗಾದರೂ ಹೇಳಿಡಿ. ಪೆಟ್ಟಿಗೆಯ ತಳದಲ್ಲಿ ಯಾರಿಗೂ ಸಿಕ್ಕದ ಉಯಿಲು ಬರೆಯದ ಉಯಿಲಿಗೆ ಸಮಾನ. ಮನೆಯಲ್ಲಿ ಮದುವೆಯಾದಾಗ, ಮಗು ಹುಟ್ಟಿದಾಗ, ಜಮೀನು ಕೊಂಡಾಗ ಅಥವಾ ಮಾರಿದಾಗ ಅದನ್ನು ಮತ್ತೊಮ್ಮೆ ತೆಗೆದು ಓದಿ. ಶಾಸನ ಬರೆಸಿದವರು ಅಪಹರಿಸುವವರಿಗೆ ಶಾಪ ಹಾಕಿ ತೃಪ್ತರಾಗಬೇಕಾಗಿತ್ತು. ನಮಗೆ ಆ ಕಷ್ಟವಿಲ್ಲ. ಸ್ಪಷ್ಟವಾದ ನಾಲ್ಕು ಸಾಲು, ಇಬ್ಬರು ಒಳ್ಳೆಯ ಸಾಕ್ಷಿಗಳು, ಮಕ್ಕಳೆಲ್ಲರನ್ನೂ ಕೂರಿಸಿಕೊಂಡು ಆಡಿದ ಒಂದು ಮಾತು, ಇಷ್ಟಾದರೆ ಅಣ್ಣತಮ್ಮಂದಿರು ಬೆಳೆದ ಮೇಲೂ ಅಣ್ಣತಮ್ಮಂದಿರಾಗಿಯೇ ಉಳಿಯುವುದಕ್ಕೆ ನಮ್ಮ ಕೈಲಾದುದನ್ನು ಮಾಡಿದಂತಾಯಿತು.